ಒಂದೇ ಕೈ ಇದ್ದವರು ಮತ್ತು ನಮ್ಮ ದೇವಾಲಯ

ಪ್ರಭು ಯೇಸುಸ್ವಾಮಿ ಸಬ್ಬತ್ ದಿನ ಪ್ರಾರ್ಥನಾ ಮಂದಿರದಲ್ಲಿ ಕೈ ಬತ್ತಿಹೋಗಿದ್ದ ಒಬ್ಬ ಮನುಷ್ಯನನ್ನು ಗುಣಪಡಿಸಿದ ಪ್ರಸಂಗವನ್ನು ನಾವೆಲ್ಲ ಹಲವು ಬಾರಿ ಕೇಳಿದ್ದೇವೆ. ಮತ್ತಾಯ, ಮಾರ್ಕ, ಲೂಕ ಮೂವರೂ ಅದನ್ನು ಬರೆದಿದ್ದಾರೆ. ಆದರೆ ಬತ್ತಿದ್ದು ಯಾವ ಕೈ ಎಂದು ತಿಳಿಸುವವರು ಸಂತ ಲೂಕರು ಒಬ್ಬರೇ. ಅದು ಬಲಗೈ ಎನ್ನುತ್ತಾರೆ ಅವರು. ಸಂಪ್ರದಾಯದ ಪ್ರಕಾರ ವೈದ್ಯರಾಗಿದ್ದ ಲೂಕರ ಕಣ್ಣಿಗೆ ಈ ವಿವರ ಬಿದ್ದದ್ದು ಆಶ್ಚರ್ಯವಲ್ಲ. ದುಡಿದು ತಿನ್ನುವವನಿಗೆ ಬಲಗೈ ಹೋಯಿತೆಂದರೆ ಅರ್ಧ ಹೋದಂತಲ್ಲ, ಹೆಚ್ಚುಕಡಿಮೆ ಎಲ್ಲವೂ ಹೋದಂತೆ.

4ನೇ ಶತಮಾನದ ಕೊನೆಯಲ್ಲಿ ಸಂತ ಜೆರೋಮರು ಮತ್ತಾಯನ ಶುಭಸಂದೇಶಕ್ಕೆ ವ್ಯಾಖ್ಯಾನ ಬರೆಯುವಾಗ ಇನ್ನೊಂದು ಮಾಹಿತಿಯನ್ನು ಸೇರಿಸಿದ್ದಾರೆ. ನಜರೀನರೆಂಬ ಕ್ರೈಸ್ತರು ಓದುತ್ತಿದ್ದ, ನಮ್ಮ ಬೈಬಲಿಗೆ ಸೇರದ ಒಂದು ಶುಭಸಂದೇಶದಲ್ಲಿ ಈ ಮನುಷ್ಯ ಕಲ್ಲು ಕಟ್ಟುವ ಕೆಲಸದವನಾಗಿದ್ದನಂತೆ. ತಾನು ಕೈಯಿಂದಲೇ ಹೊಟ್ಟೆ ಹೊರೆಯುತ್ತಿದ್ದವನು, ನಾಚಿಕೆ ಬಿಟ್ಟು ಭಿಕ್ಷೆ ಬೇಡುವ ಗತಿ ತನಗೆ ಬಾರದಿರಲಿ ಎಂದು ಅವನು ಯೇಸುಸ್ವಾಮಿಯಲ್ಲಿ ಕೇಳಿಕೊಂಡನೆಂದು ಅಲ್ಲಿ ಬರೆದಿತ್ತು. ಇದು ದೇವರ ವಾಕ್ಯವೆಂದು ನಾವು ಓದುವ ಭಾಗವಲ್ಲ. ಆದರೂ ಮುರಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿಗಳು, ಅಡಿಕೆ ಮರ ಹತ್ತುವವರು, ಬೋಟಿನಲ್ಲಿ ಬಲೆ ಎಳೆಯುವವರು, ಮರದ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವರು ಇರುವ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಈ ಮಾತು ಬೇಗ ಅರ್ಥವಾಗುತ್ತದೆ.

ಪ್ರಬೋಧನೆ ಮಾಡುವವರಿಗೆ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಈ ಶುಭಸಂದೇಶ ಬಂದ ದಿನ "ಅವನ ವಿಶ್ವಾಸ ದೊಡ್ಡದಿತ್ತು, ಆದ್ದರಿಂದ ಕೈ ಸರಿಯಾಯಿತು" ಎಂದು ಹೇಳಿ ಮುಗಿಸುವವರಿದ್ದಾರೆ. ಮೂರೂ ಶುಭಸಂದೇಶಗಳಲ್ಲಿ ಹುಡುಕಿದರೂ ಅವನ ವಿಶ್ವಾಸದ ಬಗ್ಗೆ ಒಂದು ಪದವೂ ಇಲ್ಲ. ಅವನು ಗುಣಪಡಿಸೆಂದು ಕೇಳಿದ್ದೂ ಅಲ್ಲಿಲ್ಲ. ಯೇಸುಸ್ವಾಮಿ ತಾವಾಗಿ ಅವನನ್ನು ಎಲ್ಲರ ನಡುವೆ ನಿಲ್ಲಿಸುತ್ತಾರೆ, ಕೈ ಚಾಚಲು ಹೇಳುತ್ತಾರೆ. ಹೀಗಿರುವಾಗ ಹಿಂದಿನ ಬೆಂಚಿನಲ್ಲಿ ಕೈ ಕಳೆದುಕೊಂಡ ಒಬ್ಬರು ಕುಳಿತಿರುತ್ತಾರೆ ಎಂಬುದನ್ನು ಮರೆತು ನಾವು ಆಡುವ ಮಾತು, ಅವರ ವಿಶ್ವಾಸವೇ ಸಾಲದೆಂದು ಹೇಳಿದಂತಾಗುತ್ತದೆ.

ಬೈಬಲಿನಲ್ಲಿ ಬಲ ಮತ್ತು ಎಡ ಎಂಬ ಮಾತು ಎಲ್ಲೆಲ್ಲೂ ಇದೆ. ಕ್ರಿಸ್ತರು ಪಿತನ ಬಲಗಡೆ ಆಸೀನರಾಗಿದ್ದಾರೆ, ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ. ನಮ್ಮ ಆಡುಮಾತೂ ಹಾಗೆಯೇ. ನೆಚ್ಚಿನವನು ಬಲಗೈ ಬಂಟ, ಜಾಣನು ಎತ್ತಿದ ಕೈ, ಹಗುರಾಗಿ ಮಾಡಿ ಎಸೆದದ್ದು ಎಡಗೈ ಕೆಲಸ. ಒಂದು ಕೈಯಿಂದ ಚಪ್ಪಾಳೆಯಾಗದು ಎಂಬ ಗಾದೆ ಜಗಳಕ್ಕೆ ಇಬ್ಬರು ಬೇಕೆನ್ನಲು ಹುಟ್ಟಿದ್ದು, ಆದರೆ ಅದನ್ನು ಒಂದೇ ಕೈ ಇರುವವರ ಮುಂದೆ ಹೇಳುವವರು ಒಮ್ಮೆ ಯೋಚಿಸಬೇಕು. ಇಲ್ಲಿ ಬಲವೆಂದರೆ ಗೌರವದ ಸ್ಥಾನ, ದೇಹದ ಒಂದು ಭಾಗಕ್ಕೆ ಕೊಟ್ಟ ಪುಣ್ಯದ ಪ್ರಮಾಣಪತ್ರವಲ್ಲ. ಎಡಗೈಯಿಂದ ಹಣ ಕೊಟ್ಟರೆ ಮುಖ ಸಿಂಡರಿಸುವ ಅಭ್ಯಾಸ ನಮ್ಮ ಪೇಟೆಗಳಲ್ಲಿ ಇನ್ನೂ ಇದೆ. ಬಲಗೈ ಇಲ್ಲದವರು ದಿನಕ್ಕೆ ಹತ್ತು ಸಲ ಆ ಮುಖವನ್ನು ನೋಡಬೇಕಾಗುತ್ತದೆ. ಅದೇ ಅಭ್ಯಾಸ ಚರ್ಚಿನ ಒಳಗೂ ಬರುತ್ತದೆ ಎಂಬುದು ನಮ್ಮ ಚಿಂತೆ.

ನ್ಯಾಯಸ್ಥಾಪಕರು ಗ್ರಂಥದ 3ನೇ ಅಧ್ಯಾಯದಲ್ಲಿ ಬರುವ ಏಹೂದನ ಕಥೆಯನ್ನು ಧರ್ಮೋಪದೇಶ ತರಗತಿಗಳಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ, ಅದರಲ್ಲಿ ರಕ್ತಪಾತ ಹೆಚ್ಚು. ಅವನು ಬೆನ್ಯಾಮೀನನ ಕುಲದವನು. ಬೆನ್ಯಾಮೀನ್ ಎಂದರೆ ಬಲಗೈಯ ಮಗ. ಆ ಬಲಗೈಯ ಕುಲದಲ್ಲಿ ಹುಟ್ಟಿದವನು ಎಡಚ! ಹಿಬ್ರೂ ಮೂಲದಲ್ಲಿ ಬಲಗೈ ಕಟ್ಟಿಹೋದವನು ಎಂಬ ಅರ್ಥದ ಪದಗಳಿವೆ. ಅವನ ಬಲಗೈಗೆ ಊನವಿತ್ತೋ ಅಥವಾ ಎಡಗೈ ಬಳಸುವ ಅಭ್ಯಾಸವಷ್ಟೇ ಇತ್ತೋ ಎಂದು ಪಂಡಿತರು ಚರ್ಚಿಸುತ್ತಾರೆ. ಕತ್ತಿಯನ್ನು ಎಡ ತೊಡೆಗೆ ಕಟ್ಟುವುದು ವಾಡಿಕೆ. ಇವನು ಬಲ ತೊಡೆಗೆ ಕಟ್ಟಿ ಬಟ್ಟೆಯೊಳಗೆ ಮರೆಮಾಡಿ ಮೋವಾಬಿನ ರಾಜ ಎಗ್ಲೋನನ ಬಳಿಗೆ ಹೋದ. ಮುಂದೆ ಅದೇ ಗ್ರಂಥದ 20ನೇ ಅಧ್ಯಾಯದಲ್ಲಿ ಅದೇ ಕುಲದ 700 ಮಂದಿ ಎಡಗೈ ಕವಣೆಗಾರರ ಉಲ್ಲೇಖವಿದೆ. ಇವರ ಗುರಿ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲವಂತೆ.

ಇದಕ್ಕೆ ವಿರುದ್ಧವಾಗಿ ಕಾಣುವ ಒಂದು ಭಾಗ ಯಾಜಕಕಾಂಡದ 21ನೇ ಅಧ್ಯಾಯದಲ್ಲಿದೆ. ಆರೋನನ ವಂಶದಲ್ಲಿ ಕೈ ಅಥವಾ ಕಾಲು ಮುರಿದವನು ಬಲಿ ಅರ್ಪಿಸಲು ಪೀಠದ ಹತ್ತಿರ ಬರಬಾರದೆಂದು ಅಲ್ಲಿ ನಿಯಮವಿದೆ. ಈ ಭಾಗವನ್ನು ಉಲ್ಲೇಖಿಸುವವರು ಅದರ ಮುಂದಿನ ಮಾತನ್ನು ಬಿಟ್ಟುಬಿಡುತ್ತಾರೆ. ಅಂಥವನು ಪವಿತ್ರವಾದ ಆಹಾರವನ್ನು, ಅತಿ ಪವಿತ್ರವಾದದ್ದನ್ನೂ, ಇತರ ಯಾಜಕರಂತೆ ತಿನ್ನಬಹುದು ಎಂದು ಅಲ್ಲಿಯೇ ಇದೆ. ಬಲಿ ಅರ್ಪಿಸುವ ಕೆಲಸದಿಂದ ದೂರವಿಟ್ಟರೂ ಊಟದಿಂದ ದೂರವಿಟ್ಟಿರಲಿಲ್ಲ.

ಧರ್ಮಸಭೆಯಲ್ಲಿ ಈ ಹಳೆಯ ನಿಯಮದ ನೆರಳು ಬಹಳ ಕಾಲ ಉಳಿಯಿತು. 1917ರ ಕಾನೂನು ಸಂಹಿತೆಯ 984ನೇ ವಿಧಿಯು ದೇಹದ ಊನದಿಂದಾಗಿ ಪೀಠದ ಸೇವೆಯನ್ನು ಅಪಾಯವಿಲ್ಲದೆ ಅಥವಾ ಗೌರವಯುತವಾಗಿ ನಡೆಸಲಾಗದವರು ಯಾಜಕದೀಕ್ಷೆಗೆ ಅನರ್ಹರೆಂದು ಹೇಳುತ್ತಿತ್ತು. ಅಪಾಯವೆಂದರೆ ಪಾನಪಾತ್ರೆ ಚೆಲ್ಲುವ ಭಯ. ಗೌರವವೆಂದರೆ ನೋಡುವ ಜನರಿಗೆ ಏನನಿಸುತ್ತದೆ ಎಂಬ ಅಳುಕು. ಎರಡನೆಯದು ಊನದ ಮಾತಲ್ಲ, ನೋಡುವವರ ಮಾತು. ಅಂದಿನ ಪೂಜಾವಿಧಿಯಲ್ಲಿ ಪ್ರತಿಷ್ಠೆಯ ಬಳಿಕ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮಾತ್ರ ಪರಮಪ್ರಸಾದವನ್ನು ಮುಟ್ಟಬೇಕಿತ್ತು. ಆದ್ದರಿಂದ ಈ ಬೆರಳುಗಳು ಹೋದ ಗುರುಗಳಿಗೂ ಬಲಿಪೂಜೆ ಅರ್ಪಿಸಲು ರೋಮಿನ ಅನುಮತಿ ಬೇಕಾಗುತ್ತಿತ್ತು.

ಇದರ ಪ್ರಸಿದ್ಧ ಉದಾಹರಣೆ ಯೇಸುಸಭೆಯ ಸಂತ ಐಸಾಕ್ ಜೋಗ್. ಫ್ರಾನ್ಸಿನಿಂದ ಉತ್ತರ ಅಮೆರಿಕಕ್ಕೆ ಹೋಗಿದ್ದ ಇವರು 1642ರಲ್ಲಿ ಮೊಹಾಕ್ ಜನರ ಸೆರೆಯಾದರು. ಎಡಗೈಯ ಹೆಬ್ಬೆರಳನ್ನು ಕತ್ತರಿಸಲಾಯಿತು, ಬೇರೆ ಬೆರಳುಗಳೂ ಜಜ್ಜಿಹೋದವು. 1643ರಲ್ಲಿ ಡಚ್ಚರ ಸಹಾಯದಿಂದ ತಪ್ಪಿಸಿಕೊಂಡು ಅದೇ ವರ್ಷದ ಕ್ರಿಸ್ಮಸ್ ಹೊತ್ತಿಗೆ ಫ್ರಾನ್ಸಿಗೆ ಮರಳಿದರು. ಆದರೆ ಅಂಥ ಕೈಗಳಿಂದ ಪೂಜೆ ಅರ್ಪಿಸುವಂತಿರಲಿಲ್ಲ. ಪೋಪ್ 8ನೇ ಅರ್ಬನ್ ಅವರು, ಕ್ರಿಸ್ತರಿಗಾಗಿ ನೊಂದವರಿಗೆ ಕ್ರಿಸ್ತರ ರಕ್ತವನ್ನು ನಿರಾಕರಿಸುವುದು ಸಲ್ಲದೆಂಬ ಭಾವದಿಂದ ಅನುಮತಿ ಕೊಟ್ಟರು. ಜೋಗ್ ಅದೇ ಕೈಗಳೊಂದಿಗೆ ಮತ್ತೆ ಅದೇ ಜನರ ಬಳಿಗೆ ಹೋಗಿ 1646ರ ಅಕ್ಟೋಬರ್ 18ರಂದು ಹತರಾದರು. 1930ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

1983ರ ಕಾನೂನು ಸಂಹಿತೆ ದೇಹದ ಊನದ ಆ ವಿಧಿಯನ್ನು ಕೈಬಿಟ್ಟಿತು. ಅನರ್ಹತೆಗಳನ್ನು ಹೇಳುವ 1041ನೇ ವಿಧಿಯಲ್ಲಿ ಈಗ ಇರುವುದು ಬೇರೆಯೇ. ದುರುದ್ದೇಶದಿಂದ ತನ್ನ ಅಥವಾ ಇನ್ನೊಬ್ಬರ ದೇಹವನ್ನು ಗಂಭೀರವಾಗಿ ಊನಗೊಳಿಸಿದವನು ಅನರ್ಹ. ಅಂದರೆ ಕೈ ಕಳೆದುಕೊಂಡವನಲ್ಲ, ಕೈ ಕಡಿದವನು. ಅಭ್ಯರ್ಥಿಗೆ ದೀಕ್ಷೆಗೆ ತಕ್ಕ ದೈಹಿಕ ಮತ್ತು ಮಾನಸಿಕ ಗುಣಗಳಿರಬೇಕೆಂದು 1029ನೇ ವಿಧಿ ಹೇಳುವುದರಿಂದ ನಿರ್ಧಾರ ಧರ್ಮಾಧ್ಯಕ್ಷರದ್ದೇ. ಆದರೆ ಬಾಗಿಲು ಮೊದಲೇ ಮುಚ್ಚಿಲ್ಲ. ದೀಕ್ಷೆಯ ನಂತರ ಊನಕ್ಕೊಳಗಾದ ಗುರುಗಳಿಗೆ 930ನೇ ವಿಧಿಯಿದೆ. ಅಗತ್ಯವಿದ್ದರೆ ಇನ್ನೊಬ್ಬ ಗುರು, ಉಪಯಾಜಕ ಅಥವಾ ತರಬೇತಿ ಪಡೆದ ಶ್ರೀಸಾಮಾನ್ಯರ ನೆರವಿನಿಂದ ಅವರು ಬಲಿಪೂಜೆ ಅರ್ಪಿಸಬಹುದು.

ಮಾರ್ಕನ 9ನೇ ಅಧ್ಯಾಯದಲ್ಲಿ ಪಾಪಕ್ಕೆ ಕಾರಣವಾದ ಕೈಯನ್ನು ಕಡಿದುಹಾಕುವ ಮಾತಿದೆಯಲ್ಲ ಎಂದು ಕೇಳುವವರಿಗೂ ಇಲ್ಲೇ ಉತ್ತರವಿದೆ. ಅದು ಪಾಪವನ್ನು ಬೇರುಸಹಿತ ಬಿಡಬೇಕೆಂಬ ಗಟ್ಟಿ ಮಾತು, ಕತ್ತಿಗೆ ಕೊಟ್ಟ ಅಪ್ಪಣೆಯಲ್ಲ. ಸ್ವಂತ ದೇಹವನ್ನು ಊನಗೊಳಿಸಿಕೊಂಡವರನ್ನು ಯಾಜಕವರ್ಗದಿಂದ ದೂರವಿಡುವ ನಿಯಮ 325ರ ನೈಸಿಯಾ ಮಹಾಸಭೆಯಲ್ಲೇ ಆಯಿತು. ಹೀಗಿದ್ದೂ, ಕೈ ಕಳೆದುಕೊಂಡವರನ್ನು ನೋಡಿ ಯಾವ ಪಾಪಕ್ಕೋ ಎಂದು ಗೊಣಗುವವರು ನಮ್ಮ ನಡುವೆ ಇದ್ದಾರೆ.

ಈಗ ಈ ಲೇಖನಕ್ಕೆ ಕಾರಣವಾದ ಪ್ರಶ್ನೆಗೆ ಬರೋಣ. ಮರದ ಮಿಲ್ಲಿನ ಯಂತ್ರಕ್ಕೆ ಬಲಗೈ ಸಿಕ್ಕಿ ಮಣಿಕಟ್ಟಿನವರೆಗೆ ಕಳೆದುಕೊಂಡ ಓದುಗರೊಬ್ಬರು ತಾವು ಪರಮಪ್ರಸಾದ ಹೇಗೆ ಸ್ವೀಕರಿಸಬೇಕು ಎಂದು ನಮ್ಮಲ್ಲಿ ಕೇಳಿದ್ದರು. ಒಂದು ಭಾನುವಾರ ಪ್ರಸಾದ ಹಂಚುತ್ತಿದ್ದವರು ಅವರ ಒಂದೇ ಅಂಗೈಯನ್ನು ನೋಡಿ ಕೊಡಲೋ ಬೇಡವೋ ಎಂದು ತಡವರಿಸಿದ್ದರು, ಹಿಂದಿನ ಸಾಲಿನವರೆಲ್ಲ ನೋಡಿದ್ದರು. ಆ ಮೇಲೆ ಅವರು ಪ್ರಸಾದಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ತಡವರಿಸಿದವರಿಗೆ ಕೆಟ್ಟ ಮನಸ್ಸಿರಲಿಲ್ಲ, ತಿಳಿವಳಿಕೆ ಇರಲಿಲ್ಲ. ತರಬೇತಿ ಶಿಬಿರಗಳಲ್ಲಿ ಎರಡು ಕೈಗಳನ್ನು ಹೇಗೆ ಹಿಡಿಯಬೇಕೆಂದು ಹೇಳಿಕೊಡುತ್ತೇವೆ, ಒಂದನ್ನು ಹೇಗೆಂದು ಹೇಳಿಕೊಡುವುದಿಲ್ಲ.

ಒಂದು ಕೈಯ ಮೇಲೆ ಇನ್ನೊಂದನ್ನು ಇಡುವ ಕ್ರಮ ಬಹಳ ಹಳೆಯದು. 4ನೇ ಶತಮಾನದಲ್ಲಿ ಜೆರುಸಲೇಮಿನ ಸಂತ ಸಿರಿಲರ ಹೆಸರಿನಲ್ಲಿರುವ ಬೋಧನೆಗಳಲ್ಲಿ, ರಾಜರನ್ನು ಬರಮಾಡಿಕೊಳ್ಳುವ ಬಲಗೈಗೆ ಎಡಗೈಯನ್ನು ಸಿಂಹಾಸನದಂತೆ ಕೆಳಗೆ ಹಿಡಿಯಲು ಹೇಳಿದೆ. ಇಂದು ನಾವು ಸಾಮಾನ್ಯವಾಗಿ ಎಡಗೈಯನ್ನು ಮೇಲೆ ಹಿಡಿದು ಬಲಗೈಯಿಂದ ತೆಗೆದುಕೊಳ್ಳುತ್ತೇವೆ. ಮೇಲಿನದು ಕೆಳಗಾಗಿದೆ, ಕೆಳಗಿನದು ಮೇಲಾಗಿದೆ. ಹಾಗಾಗಿ ಕೈಗಳ ಜೋಡಣೆ ಭಕ್ತಿಯ ರೂಪವೇ ಹೊರತು ಪರಮಪ್ರಸಾದ ಪಡೆಯುವ ಷರತ್ತಲ್ಲ. 2004ರಲ್ಲಿ ರೋಮಿನಿಂದ ಬಂದ 'ರೆದೆಂಪ್ಸಿಯೋನಿಸ್ ಸಾಕ್ರಮೆಂತುಮ್' ಎಂಬ ಸೂಚನಾಪತ್ರದ 92ನೇ ಸಂಖ್ಯೆಯ ಪ್ರಕಾರ ನಾಲಿಗೆಯ ಮೇಲೆ ಸ್ವೀಕರಿಸುವುದು ಪ್ರತಿಯೊಬ್ಬ ವಿಶ್ವಾಸಿಯ ಹಕ್ಕು. ಕೈಯಲ್ಲಿ ಕೊಡಲು ಅನುಮತಿಯಿರುವ ಪ್ರದೇಶಗಳಲ್ಲಿ ಕೈಯಲ್ಲಿ ಬಯಸುವವರಿಗೆ ಕೈಯಲ್ಲಿ ಕೊಡಬೇಕು. ಎಷ್ಟು ಕೈ ಎಂಬ ಲೆಕ್ಕ ಅಲ್ಲಿಲ್ಲ.

ಆದ್ದರಿಂದ ಒಂದೇ ಕೈ ಇರುವವರ ಮುಂದೆ ಎರಡು ದಾರಿಗಳಿವೆ, ಆಯ್ಕೆ ಅವರದು. ನಾಲಿಗೆಯ ಮೇಲೆ ಸ್ವೀಕರಿಸುವುದು ಸುಲಭ. 2020ರ ಕೋವಿಡ್ ಕಾಲದಲ್ಲಿ ಬಹಳ ಕಡೆ ಅಂಗೈಯಲ್ಲಿ ಮಾತ್ರ ಕೊಡುತ್ತಿದ್ದುದರಿಂದ ಅದೊಂದೇ ಕ್ರಮ ಎಂಬ ಭಾವನೆ ಕೆಲವರಲ್ಲಿ ಉಳಿದುಬಿಟ್ಟಿದೆ, ಅದು ಸರಿಯಲ್ಲ. ಅಂಗೈಯಲ್ಲಿ ಬಯಸಿದರೆ ಅವರು ತೆರೆದ ಅಂಗೈಯನ್ನು ಎದೆಯ ಎತ್ತರಕ್ಕೆ ಚಾಚಲಿ. ಹಂಚುವವರು ಅಂಗೈಯ ನಡುವೆ ಪ್ರಸಾದವನ್ನಿಟ್ಟು, ಅವರು ಅಂಗೈಯನ್ನೇ ಬಾಯಿಗೆ ತಂದು ಸ್ವೀಕರಿಸುವವರೆಗೆ ನಿಲ್ಲಬೇಕು. ಅವಸರದಲ್ಲಿ ಮುಂದಿನವರ ಕಡೆ ತಿರುಗಬಾರದು. ಕಣಗಳು ಬೀಳದಂತೆ ಪೀಠಸೇವಕರು ಪ್ರಸಾದದ ತಟ್ಟೆಯನ್ನು ಕೆಳಗೆ ಹಿಡಿದರೆ ಒಳ್ಳೆಯದು. ಈ ತಟ್ಟೆಯನ್ನು ಬಿಡಬಾರದೆಂದು ಅದೇ ಸೂಚನಾಪತ್ರ ಹೇಳುತ್ತದೆ, ನಮ್ಮಲ್ಲಿ ಅನೇಕ ಚರ್ಚುಗಳಲ್ಲಿ ಅದು ಕಪಾಟು ಸೇರಿದೆ. ಪಕ್ಕದಲ್ಲಿರುವ ಹೆಂಡತಿಯ ಅಥವಾ ಮಗನ ಕೈಗೆ ಕೊಟ್ಟು ಅವರಿಂದ ಕೊಡಿಸುವುದು ಬೇಡ, ವಿಶ್ವಾಸಿಗಳು ಒಬ್ಬರಿಂದೊಬ್ಬರಿಗೆ ಪ್ರಸಾದ ದಾಟಿಸುವುದಕ್ಕೆ ಅನುಮತಿಯಿಲ್ಲ. ದ್ರಾಕ್ಷಾರಸದಲ್ಲಿ ಅದ್ದಿ ಕೊಡುವ ದಿನ ಎಲ್ಲರಿಗೂ ನಾಲಿಗೆಯ ಮೇಲೆಯೇ, ಅಲ್ಲಿ ಪ್ರಶ್ನೆಯೇ ಏಳದು.

ಇದನ್ನು ಕಲಿತರೆ ಉಪಯೋಗ ಕೈ ಕಳೆದುಕೊಂಡವರಿಗೆ ಮಾತ್ರವಲ್ಲ. ಯಾವುದೇ ಭಾನುವಾರ ಪ್ರಸಾದದ ಸಾಲನ್ನು ಗಮನಿಸಿ. ಸೊಂಟದ ಮೇಲೆ ಮಗು ಎತ್ತಿಕೊಂಡ ತಾಯಿ, ಊರುಗೋಲು ಹಿಡಿದ ಅಜ್ಜ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಕಾಲೇಜು ಹುಡುಗ, ಪಾರ್ಶ್ವವಾಯುವಿನಿಂದ ಒಂದು ಭಾಗ ಸೋತ ಅಜ್ಜಿ. ಆ ಹೊತ್ತಿಗೆ ಇವರೆಲ್ಲರಿಗೂ ಇರುವುದು ಒಂದೇ ಕೈ. ಮಗುವನ್ನು ಯಾರಿಗೋ ಕೊಟ್ಟು ಬಾ, ಕೋಲನ್ನು ಬದಿಗಿಡು ಎಂದು ಸನ್ನೆ ಮಾಡುವುದನ್ನು ದಯವಿಟ್ಟು ಬಿಡಬೇಕು.

ಉಳಿದ ಸಂಸ್ಕಾರಗಳಲ್ಲಿ ತೊಡಕು ಕಡಿಮೆ. ಶಿಲುಬೆಯ ಗುರುತನ್ನು ಎಡಗೈಯಿಂದ ಹಾಕಿದರೆ ಪ್ರಾರ್ಥನೆಗೆ ಯಾವ ಕೊರತೆಯೂ ಇಲ್ಲ. ಕೈ ಮುಗಿಯಲಾಗದವರು ಇರುವ ಕೈಯನ್ನು ಎದೆಯ ಮೇಲಿಟ್ಟು ತಲೆಬಾಗಬಹುದು, ಶಾಂತಿಯ ವಂದನೆಗೂ ಅದು ಸಾಕು. ಮದುವೆಯಲ್ಲಿ ವಧೂವರರು ಬಲಗೈಗಳನ್ನು ಜೋಡಿಸುವುದು ಸುಂದರ ಸಂಕೇತ, ಆದರೆ ಮದುವೆಯಾಗುವುದು ಒಪ್ಪಿಗೆಯ ಮಾತಿನಿಂದ. ಇರುವ ಕೈಯನ್ನು ಹಿಡಿದರಾಯಿತು. ವ್ಯಾಧಿಸ್ಥರ ಅಭ್ಯಂಗದಲ್ಲಿ ಹಣೆಗೂ ಕೈಗಳಿಗೂ ತೈಲ ಹಚ್ಚುತ್ತೇವೆ. ಒಂದೇ ಕೈ ಇದ್ದರೆ ಹಣೆಗೆ ಮತ್ತು ಆ ಕೈಗೆ. ತುರ್ತು ಸಂದರ್ಭದಲ್ಲಿ ದೀಕ್ಷಾಸ್ನಾನ ಕೊಡಬೇಕಾದರೆ ನೀರು ಸುರಿಯಲು ಒಂದು ಕೈ ಧಾರಾಳ ಸಾಕು, ಆಸ್ಪತ್ರೆಗಳಲ್ಲಿ ದುಡಿಯುವವರು ಇದನ್ನು ನೆನಪಿಡಬೇಕು.

ಚರ್ಚಿನ ಸೇವೆಗಳ ವಿಷಯದಲ್ಲಿ ನಮ್ಮ ಅನುಭವ ಅಷ್ಟು ಸಂತೋಷದ್ದಲ್ಲ. ಅಪಘಾತಕ್ಕೆ ಮೊದಲು ವಾಚನ ಮಾಡುತ್ತಿದ್ದವರು, ವಾಳೆಯ ಗುರ್ಕಾರರಾಗಿದ್ದವರು ಆ ಬಳಿಕ ಯಾರೂ ಬೇಡವೆನ್ನದಿದ್ದರೂ ಹಿಂದೆ ಸರಿಯುತ್ತಾರೆ, ನಾವೂ ಮತ್ತೆ ಕರೆಯುವುದಿಲ್ಲ. ವಾಚನಗ್ರಂಥ ವಾಚನಪೀಠದ ಮೇಲಿರುತ್ತದೆ, ಪುಟ ಮಗುಚಲು ಒಂದು ಕೈ ಸಾಕು. ಪ್ರಸಾದದ ವಿಶೇಷ ಸೇವಕರಾಗಿ ನೇಮಿಸಲು ಪಾತ್ರೆ ಹಿಡಿಯಲು ಜೊತೆಗೊಬ್ಬ ಪೀಠಸೇವಕನಿದ್ದರೆ ಸಮಸ್ಯೆ ತೀರಿತು. ಇನ್ನು ಗಾಯನ ಮಂಡಳಿ. ಆಸ್ಟ್ರಿಯಾದ ಪಿಯಾನೋ ವಾದಕ ಪೌಲ್ ವಿಟ್ಗೆನ್‌ಸ್ಟೈನ್ ಮೊದಲನೇ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಮೇಲೆ ಎಡಗೈಯೊಂದರಿಂದಲೇ ಕಛೇರಿ ನಡೆಸಿದರು. ಅವರಿಗಾಗಿಯೇ ಫ್ರೆಂಚ್ ಸಂಗೀತಕಾರ ಮೋರಿಸ್ ರವೆಲ್ ರಚಿಸಿದ ಎಡಗೈ ಕೃತಿ 1932ರಲ್ಲಿ ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಯಿತು. ನಮ್ಮ ಭಾನುವಾರದ ಗೀತೆಗಳಿಗೆ ಅಷ್ಟು ಪಾಂಡಿತ್ಯ ಬೇಕಾಗಿಲ್ಲ.

ಕೊನೆಯಲ್ಲಿ, ಸಮಾಜಸೇವಾ ಆಯೋಗದವರು ಮತ್ತು ಗುರ್ಕಾರರು ತಿಳಿದಿರಬೇಕಾದ ಸರಕಾರಿ ವಿಚಾರ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಎರಡೂ ಕೈ ಹೋದರೆ ದುಡಿಯುವ ಶಕ್ತಿಯ ನಷ್ಟ ಶೇ. 100 ಎಂದೂ, ಒಂದು ಕೈ ಹೋದರೆ ಶೇ. 60 ಎಂದೂ ಬರೆದಿತ್ತು. 50 ಅಲ್ಲ, 60. ಒಂದು ಕೈ ಎಂದರೆ ಅರ್ಧ ನಷ್ಟವಲ್ಲವೆಂದು ಕಾನೂನು ಮಾಡಿದವರಿಗೂ ಗೊತ್ತಿತ್ತು. ಈಗ ಆ ಕಾಯ್ದೆಯ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆಯಿದೆ, ಅದು 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಕೆಲಸದಲ್ಲಿ ಅಪಘಾತವಾದರೆ ಪರಿಹಾರ ಕೊಡುವ ಮಾಲೀಕರ ಹೊಣೆ ಅದರಲ್ಲೂ ಮುಂದುವರಿದಿದೆ. ಆಸ್ಪತ್ರೆಯ ಬಿಲ್ಲು ಕಟ್ಟಿದ ಮಾಲೀಕರು ಅದೇ ಪರಿಹಾರವೆಂದು ಹೇಳಿ ಬಿಳಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದರೆ ಮನೆಯವರು ಒಪ್ಪಬಾರದು, ಮೊದಲು ವಕೀಲರನ್ನು ಕಾಣಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಶೇ. 40ಕ್ಕೆ ಕಡಿಮೆಯಿಲ್ಲದ ಊನವಿದ್ದವರಿಗೆ ಸರಕಾರಿ ಉದ್ಯೋಗದಲ್ಲಿ ಶೇ. 4 ಮೀಸಲಾತಿಯಿದೆ. ಮಣಿಕಟ್ಟಿನಿಂದ ಅಥವಾ ಅದಕ್ಕಿಂತ ಮೇಲಿನಿಂದ ಕೈ ಹೋದವರು ಈ ಮಿತಿಯೊಳಗೆ ಬರುತ್ತಾರೆ. ಹುದ್ದೆಗಳ ಪಟ್ಟಿಯಲ್ಲಿ ಒಂದು ಕೈಯ ಊನವುಳ್ಳವರು ಮಾಡಬಹುದಾದ ಕೆಲಸ ಯಾವುದೆಂದು ಬೇರೆಯಾಗಿಯೇ ಗುರುತಿಸಿರುತ್ತಾರೆ. ಇದಕ್ಕೆಲ್ಲ ವೈದ್ಯಕೀಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು ಬೇಕು. ಅರ್ಜಿಯನ್ನು ಅಂತರ್ಜಾಲದಲ್ಲಿ ಹಾಕಿ ಆಸ್ಪತ್ರೆಯಲ್ಲಿ ತಪಾಸಣೆಗೆ ಹೋಗಬೇಕಾಗುತ್ತದೆ. ಮೊಣಕೈಯ ಕೆಳಗೆ ಸ್ವಲ್ಪ ಭಾಗ ಉಳಿದವರಿಗೆ ರೋಟರಿ ಕ್ಲಬ್ಬುಗಳು ಶಿಬಿರ ನಡೆಸಿ ಎಲ್‌ಎನ್-4 ಎಂಬ ಹಗುರವಾದ ಪ್ಲಾಸ್ಟಿಕ್ ಕೈಯನ್ನು ಉಚಿತವಾಗಿ ಜೋಡಿಸುತ್ತವೆ. ಅದರಿಂದ ಲೋಟ ಹಿಡಿಯಬಹುದು, ಪೆನ್ನು ಹಿಡಿಯಬಹುದು. ಅರ್ಜಿಯ ಪುಟಗಳನ್ನು ತುಂಬುವುದು ಬರೆಯುವ ಕೈಯನ್ನೇ ಕಳೆದುಕೊಂಡವರಿಗೆ ಕಷ್ಟ. ಪ್ರತಿ ವಾಳೆಯಲ್ಲಿ ಕಂಪ್ಯೂಟರ್ ಬಲ್ಲ ಒಬ್ಬ ಯುವಕ ಅಥವಾ ಯುವತಿ ಒಂದು ಸಂಜೆ ಅವರ ಮನೆಗೆ ಹೋಗಿ ಕುಳಿತರೆ ಆ ಕೆಲಸ ಮುಗಿಯುತ್ತದೆ.